ಎರಡನೆಯ ಎಲೆ

ಹೊನ್ನಯ್ಯ ಹೊಸಿಲಲ್ಲೇ ನಿಂತುಬಿಟ್ಟ. ಮನೆ ಯಾರಿಗೋ ಕಾಯುತ್ತಿತ್ತು.

ನಡುಮನೆ ಸಾರಿಸಿತ್ತು. ಹಂಡೆಯಲ್ಲಿ ನೀರು ಕಾದಿತ್ತು. ಒಳಗಿನಿಂದ ಅವರೆಕಾಳಿನ ಸಾರಿನ ಗಮ. ಗೋಡೆಯ ಪಕ್ಕ ಎರಡು ಮಣೆ, ಎರಡು ಎಲೆ, ಜೊತೆಜೊತೆಗೆ. ಮದುವೆಯಾಗಿ ಎರಡು ವರ್ಷದಲ್ಲಿ ಅವನು ಉಂಡೆದ್ದ ಮೇಲೇ ಮಂಗಳಮ್ಮ ಉಂಡಿದ್ದಳು.

ಅವನು ಮಂಡ್ಯದ ಸಕ್ಕರೆ ಕಾರ್ಖಾನೆಯ ಆಳು. ಕಬ್ಬು ಅರೆಯುವ ಕಾಲದಲ್ಲಿ ಮಳವಳ್ಳಿಯ ಮನೆಗೆ ಬರುತ್ತಿದ್ದುದು ಅಮಾವಾಸ್ಯೆಗೊಮ್ಮೆ. ಈ ಸಲ ಪಾಳಿ ಬದಲಿಸಿಕೊಂಡು ಹುಣ್ಣಿಮೆಗೇ ಬಂದಿದ್ದ. ಮದ್ದೂರು ಸ್ಟೇಷನ್ನಿನಲ್ಲಿ ಬಿಸಿ ವಡೆ ಕಟ್ಟಿಸಿದ್ದ; ಹಸಿರು ಗಾಜಿನ ಬಳೆ ಕೊಂಡಿದ್ದ. ಇವತ್ತು ಇಬ್ಬರೂ ಜೊತೆಯಲ್ಲೇ ಉಣ್ಣಬೇಕು ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ನೆನೆಸಿಕೊಂಡಿದ್ದ. ಕಾಗದ ಬರೆದಿರಲಿಲ್ಲ. ಅವಳಿಗೆ ಓದು ಬಾರದು. ಇಂಥದ್ದನ್ನು ಮೇಷ್ಟ್ರು ಗಟ್ಟಿಯಾಗಿ ಓದುವುದೆಂದರೆ ನಾಚಿಕೆ. ಹೋದ ಸಲ ಬಸ್ಸು ಹತ್ತುತ್ತ, "ಒಂದಿನ ಯೋಳ್ದೆ ಬಂದ್‌ಬುಡ್ತೀನಿ" ಎಂದು ಕಿಚಾಯಿಸಿದ್ದು ಬಿಟ್ಟರೆ ಅವಳಿಗೇನೂ ಗೊತ್ತಿರಲಿಲ್ಲ.

ಎದುರು ಜಗಲಿಯಿಂದ ದೇವಿರಮ್ಮ ಕೂಗಿದಳು.

"ಓ, ನೀನಾ ಬಂದೋನು! ದಿನಾ ಸಂಜೆ 'ಅವ್ರು ಬತ್ತಾರೆ, ಅವ್ರು ಬತ್ತಾರೆ' ಅಂತ ನಿನ್ನೆಂಡ್ರು ಕುಣೀತಾವಳೆ ಕಣಪ್ಪ."

ದಿನಾ ಸಂಜೆ.

ಕಾಲು ತೊಳೆಯಲು ಹಿತ್ತಿಲಿಗೆ ಹೋದ. ಸೇವಂತಿಗೆ ಗಿಡದ ಬುಡದಲ್ಲಿ ಮುಡಿದು ತೆಗೆದ ಹೂದಂಡೆಗಳು ಬಿದ್ದಿದ್ದವು. ಕೆಲವು ಬಾಡಿದ್ದವು, ಕೆಲವು ಕೊಳೆತಿದ್ದವು. ಹದಿನಾಲ್ಕು. ತಾನು ಬೆನ್ನು ತಿರುಗಿಸಿದ ದಿನವೇ ಶುರುವಾಗಿದೆ ಎಂದುಕೊಂಡ.

ಮಂಗಳಮ್ಮ ಒಳಗಿನಿಂದ ಬಂದಳು. ಹಸಿರು ಸೀರೆ, ಹೊಸ ದಂಡೆ. ಅವನನ್ನು ಕಂಡವಳೇ ಕೆಂಪಾದಳು.

"ನಾನಿವತ್ತು ಬತ್ತೀನಿ ಅಂತ ಗೊತ್ತಿತ್ತಾ?"

"ಇಲ್ವಲ್ಲ."

"ಮತ್ತೆ ಎಲ್ಡನೇ ಎಲೆ ಯಾರಿಗೆ?"

"ಐತೆ, ಒಬ್ರಿಗೆ." ಕೆನ್ನೆಯಲ್ಲಿ ಗುಳಿ ಬಿತ್ತು.

"ಎಸ್ರು ಯೋಳು."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ತಲೆಯಾಡಿಸಿದಳು. "ಆ ಎಸ್ರು ನನ್ ಬಾಯಲ್ಲಿ ಬರಾಕಿಲ್ಲ. ಬೇಕಾದ್ರೆ ನೀವೇ ಯೋಳಿ."

ಅವಳು ನಗುತ್ತಿದ್ದಳು. ಅದೊಂದನ್ನು ಅವನಿಂದ ತಡೆಯಲಾಗಲಿಲ್ಲ. ಕೈ ಎತ್ತಿದ. ವಡೆಯ ಪೊಟ್ಟಣ ನೆಲಕ್ಕೆ ಬಿತ್ತು.

ಅವಳು ಬಗ್ಗಿ ಎರಡನೆಯ ಎಲೆಯನ್ನು ಮಡಿಸಿದಳು.

ಮರುದಿನ ಕೊಕ್ಕರೆ ಬೆಳ್ಳೂರಿನ ತವರಿಗೆ ಬಿಟ್ಟುಬಂದ. ಅವಳಪ್ಪ ಮರಿಸಿದ್ದಯ್ಯ ಗಾಬರಿಯಾಗಿ, "ಏನ್ ತಪ್ಪು ಮಾಡಿದ್ಲಪ್ಪ?" ಎಂದ.

"ನಿಮ್ಮ ಮಗಳ್ನೇ ಕೇಳಿ."

ಮಂಗಳಮ್ಮ ಹುಣಸೆಮರದ ಕೊಕ್ಕರೆಗಳನ್ನು ನೋಡುತ್ತಿದ್ದಳು. "ಎಸ್ರು ಕೇಳ್ದೋರ್ಗೆ ನಾನೇನ್ ಯೋಳ್ಲಪ್ಪ," ಎಂದಳು. ಅವಳು ಇನ್ನೂ ಮುಚ್ಚಿಡುತ್ತಿದ್ದಾಳೆ ಎಂದುಕೊಂಡು ಹೊನ್ನಯ್ಯ ತಿರುಗಿ ನೋಡದೆ ನಡೆದ.

ಮರುವರ್ಷ ಚಿಕ್ಕಬೋರಮ್ಮನನ್ನು ಮದುವೆಯಾಗಿ ತಂದ. ಪೆಟ್ಟಿಗೆಯಲ್ಲೇ ಉಳಿದಿದ್ದ ಹಸಿರು ಬಳೆಗಳನ್ನು ಅವಳ ಕೈಗೆ ಹಾಕಿಸಿದ್ದ; ಹೊಸದು ಕೊಳ್ಳುವ ಮನಸ್ಸಾಗಿರಲಿಲ್ಲ. ಹೊಸಿಲಲ್ಲಿ ಅಕ್ಕಿ ತುಂಬಿದ ಸೇರು ಇಟ್ಟಿದ್ದರು. ದೇವಿರಮ್ಮ ಬಾಗಿಲಿಗೆ ಅಡ್ಡ ಕೈ ಚಾಚಿದಳು.

"ಗಂಡನ ಎಸ್ರು ಯೋಳಿ ಒಳೀಕ್ ಬಾ ಕಣವ್ವ. ಇಲ್ದಿದ್ರೆ ರಾತ್ರಿಯೆಲ್ಲ ಈಚೆಲೇ!"

ಹೆಂಗಸರು ನಕ್ಕರು. ಹೊನ್ನಯ್ಯನೂ ನಕ್ಕ.

ಚಿಕ್ಕಬೋರಮ್ಮ ಹಸಿರು ಬಳೆಯ ಕೈಯಿಂದ ಸೆರಗೆಳೆದು ಬಾಯಿ ಮುಚ್ಚಿಕೊಂಡಳು, ನಗುತ್ತಲೇ ತಲೆಯಾಡಿಸಿದಳು: "ಆ ಎಸ್ರು ನನ್ ಬಾಯಲ್ಲಿ ಬರಾಕಿಲ್ಲ. ಬೇಕಾದ್ರೆ ಅವ್ರೇ ಯೋಳ್ಲಿ."