ಚಿಕ್ಕಪ್ಪನನ್ನು ತೆಗೆದುಹಾಕಿ

ಪ್ರಿಂಟರಿನಿಂದ ಹೊರಬಂದ ಹಾಳೆಯನ್ನು ಲೈಬ್ರರಿ ಮೇಡಂ ಎತ್ತಿ ಕೊಟ್ಟುಬಿಡಬೇಕಿತ್ತು. ಕೊಡಲಿಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಓದಿಯೇಬಿಟ್ಟರು. ಬೇರೆಯವರ ಕಾಗದ ಓದಬಾರದೆಂದು ಅವರಿಗೆ ಗೊತ್ತಿಲ್ಲವೆಂದಲ್ಲ. ಮೂವತ್ತು ವರ್ಷ ಪುಸ್ತಕಗಳ ಮಧ್ಯೆ ಕೂತವರಿಗೆ ಅಕ್ಷರ ಕಂಡಮೇಲೆ ಸುಮ್ಮನಿರುವುದು ಕಷ್ಟ.

“ಕಂಪ್ಯೂಟರ್ ಕೋರ್ಸ್ ಬಿಡ್ತಾ ಇದ್ದೀಯಾ?”

“ಹೌದು ಮೇಡಂ. ಸೈನ್ ಮಾಡಿ ಆಫೀಸಿಗೆ ಕೊಡೋದೊಂದು ಬಾಕಿ,” ಎಂದಳು ಹುಡುಗಿ. ಎರಡನೇ ವರ್ಷದವಳು. ಮಧ್ಯಾಹ್ನ ಮೂರಕ್ಕೆ ಪ್ರಾಜೆಕ್ಟ್ ತೋರಿಸಬೇಕು; ಆಸ್ಪತ್ರೆಗೆ ಬಂದವರಿಗೆ ಸರದಿಯ ಟೋಕನ್ ಕೊಡುವ ಪ್ರೋಗ್ರಾಮು. ಹೋದ ಸಲ ಇದರಲ್ಲೇ ಫೇಲಾಗಿದ್ದಳು, ಈ ಸಲವೂ ಆದರೆ ವರ್ಷವೇ ಹೋದಂತೆ. ಐದು ದಿನದಿಂದ ಅವಳ ಪ್ರೋಗ್ರಾಮು ಶುರುವಾಗುವ ಮೊದಲೇ ಕೆಂಪು ಅಕ್ಷರದ ಒಂದು ಸಾಲು ಉಗುಳಿ ನಿಂತುಬಿಡುತ್ತಿತ್ತು.

“ಇಂಟರ್ನೆಟ್ಟಲ್ಲಿ ಹುಡುಕಿದ್ಯಾ?”

“ಹುಡುಕದೇ ಇರ್ತೀನಾ? ಫೋರಂ, ವಿಡಿಯೋ, ಎಲ್ಲಾ ಜಾಲಾಡಿದೆ. ಪ್ರಪಂಚದಲ್ಲಿ ಯಾರಿಗೂ ಈ ಎರರ್ ಬಂದೇ ಇಲ್ಲ ಮೇಡಂ. ನನಗೊಬ್ಬಳಿಗೇ. ಅಂದ್ರೆ ತಪ್ಪು ಕಂಪ್ಯೂಟರ್‌ದಲ್ಲ, ನನ್ನ ತಲೇದು.”

ಮೇಡಂಗೆ ಪ್ರೋಗ್ರಾಮಿನ ಗಂಧಗಾಳಿಯೂ ಇರಲಿಲ್ಲ. ಆದರೆ ‘ಎಲ್ಲೂ ಇಲ್ಲ’ ಎನ್ನುವ ಮಾತನ್ನು ನಂಬುವ ಜಾಯಮಾನ ಅವರದಲ್ಲ. ಹಾಗೆಂದು ಬಂದವರಿಗೆಲ್ಲ, ಅವರೇ ಹುಡುಕಿ ಬಿಟ್ಟಿದ್ದ ಕಪಾಟಿನಿಂದಲೇ ಪುಸ್ತಕ ತೆಗೆದುಕೊಟ್ಟು ಮೇಡಂಗೆ ಅಭ್ಯಾಸ.

“ಹೇಗೆ ಹುಡುಕಿದೆ, ತೋರಿಸು.”

ಹುಡುಗಿ ಕೌಂಟರಿನ ಮೇಲೆ ಲ್ಯಾಪ್‌ಟಾಪ್ ತೆರೆದಳು. ಕೆಂಪು ಸಾಲನ್ನು ಚಾಚೂ ತಪ್ಪದೆ ನಕಲು ಮಾಡಿದಳು. ಆಚೆ ಈಚೆ ಉದ್ಧರಣ ಚಿಹ್ನೆ ಹಾಕಿದರೆ ಇದ್ದದ್ದು ಇದ್ದ ಹಾಗೇ ಸಿಗುತ್ತದೆಂದು ಮೇಷ್ಟ್ರು ಹೇಳಿಕೊಟ್ಟಿದ್ದರು. ಅದನ್ನೂ ಹಾಕಿ ಹುಡುಕಿದಳು. ಒಂದೇ ಒಂದು ಪುಟವೂ ಸಿಗಲಿಲ್ಲ.

ಮೇಡಂ ಬಗ್ಗಿ ಆ ಸಾಲನ್ನು ಗಟ್ಟಿಯಾಗಿ ಓದಿದರು. “ಚಿಕ್ಕಪ್ಪ... ಪುಟ್ಟಿ ಪ್ರಾಜೆಕ್ಟ್... ಕೊನೇದು... ನಿಜವಾಗ್ಲೂ ಕೊನೇದು... ಇದೆಲ್ಲಾ ಏನಮ್ಮಾ?”

“ಫೈಲ್ ಎಲ್ಲಿದೆ ಅನ್ನೋ ವಿಳಾಸ ಮೇಡಂ. ಲ್ಯಾಪ್‌ಟಾಪ್ ಚಿಕ್ಕಪ್ಪಂದು. ಪುಟ್ಟಿ ಅಂದ್ರೆ... ನಾನೇ.”

“ಸರಿ. ನಿಮ್ಮ ಚಿಕ್ಕಪ್ಪ ಪ್ರಪಂಚದಲ್ಲಿ ಎಷ್ಟು ಜನಕ್ಕೆ ಗೊತ್ತು?”

ಹುಡುಗಿ ಕೆಂಪು ಸಾಲನ್ನು ಇನ್ನೊಮ್ಮೆ ಓದಿಕೊಂಡಳು. ಮೇಡಂ ಪಕ್ಕದ ಡಬ್ಬಿಯಿಂದ ಒಂದು ಚೀಟಿ ಎಳೆದು, ಪೆನ್ಸಿಲ್ಲಿನ ಜೊತೆ ಅವಳ ಮುಂದಿಟ್ಟರು. “ಆ ಸಾಲನ್ನ ಇದರಲ್ಲಿ ಬರ್ಕೋ. ನಿಂದು ಯಾವುದು, ಎಲ್ಲರದು ಯಾವುದು ನೋಡು. ನಿಂದನ್ನೆಲ್ಲ ಹೊಡೆದುಹಾಕು. ಮೊದಲು ಚಿಕ್ಕಪ್ಪನ್ನ ತೆಗಿ.”

ಚಿಕ್ಕಪ್ಪ ಹೋದರು. ಪುಟ್ಟಿ ಹೋದಳು. ಎರಡೂ ‘ಕೊನೇದು’ ಹೋದವು. ಉಳಿದದ್ದು ಏಳೇ ಏಳು ಪದ. ಅಷ್ಟನ್ನೇ ಹಾಕಿ ಹುಡುಕಿದಾಗ ಹನ್ನೊಂದು ಸಾವಿರ ಪುಟ ಬಂದು ಬಿದ್ದವು. ಐದು ದಿನ ತಾನೊಬ್ಬಳೇ ದಡ್ಡಿ ಎಂದು ಕೊರಗಿದ್ದವಳಿಗೆ ಒಮ್ಮೆಗೇ ಇಷ್ಟೊಂದು ಜನ ಜೊತೆಗಾರರು ಸಿಕ್ಕರು. ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

ಮೊದಲ ಪುಟದಲ್ಲಿ ಒಬ್ಬ ಇದೇ ಪ್ರಶ್ನೆ ಕೇಳಿ, ಮರುದಿನ ‘ಸರಿಹೋಯ್ತು, ಥ್ಯಾಂಕ್ಸ್’ ಎಂದಷ್ಟೇ ಬರೆದು ಮಾಯವಾಗಿದ್ದ. “ಏನು ಮಾಡಿದೆ ಅಂತ ಹೇಳೋಕೆ ಏನು ರೋಗ ಈ ಪುಣ್ಯಾತ್ಮನಿಗೆ?” ಎಂದು ಮೇಡಂ ಗೊಣಗಿದರು. ಉತ್ತರ ಸಿಕ್ಕಿದ್ದು ನಾಲ್ಕನೆಯದರಲ್ಲಿ.

“ಲೈಬ್ರರಿ ಹಳೇದಾಗಿದೆ, ತೆಗೆದು ಹೊಸದು ಹಾಕಿ ಅಂತಿದಾರೆ ಮೇಡಂ.”

“ಯಾರಮ್ಮಾ ಹಾಗಂದಿದ್ದು?” ಮೇಡಂ ನೆಟ್ಟಗಾದರು.

“ಅಯ್ಯೋ, ನಿಮ್ಮದಲ್ಲ! ಬೇರೆಯವರು ಬರೆದಿಟ್ಟ ಕೋಡನ್ನ ನಾವು ತಂದು ಬಳಸ್ತೀವಲ್ಲ, ಅದಕ್ಕೂ ಲೈಬ್ರರಿ ಅಂತಾರೆ.”

“ಹಾಗಾದ್ರೆ ಸರಿ. ನನಗಿನ್ನೂ ಎರಡು ವರ್ಷ ಸರ್ವಿಸ್ ಇದೆ.”

ಇಪ್ಪತ್ತು ನಿಮಿಷದಲ್ಲಿ ಪರದೆಯ ಮೇಲೆ ‘ಟೋಕನ್ ಸಂಖ್ಯೆ ಒಂದು’ ಎಂದು ಮೂಡಿತು. ಹುಡುಗಿ ಕಣ್ಣೊರೆಸಿಕೊಂಡು ಲ್ಯಾಪ್‌ಟಾಪ್ ಮುಚ್ಚಿದಳು. ಕೋರ್ಸ್ ಬಿಡುವ ಪತ್ರ ಕೌಂಟರಿನ ಮೇಲೆ ಹಾಗೇ ಬಿದ್ದಿತ್ತು. ಅದಕ್ಕೆ ಕೈ ಹಾಕುವಷ್ಟರಲ್ಲಿ ಮೇಡಂ ಎತ್ತಿಕೊಂಡು, ಸ್ಕೇಲು ಇಟ್ಟು ಅಚ್ಚುಕಟ್ಟಾಗಿ ನಾಲ್ಕು ತುಂಡು ಮಾಡಿ, ಖಾಲಿ ಮಗ್ಗುಲು ಮೇಲೆ ಬರುವಂತೆ ಡಬ್ಬಿಗೆ ಹಾಕಿದರು.

ಹುಡುಗಿ ತನ್ನ ಚೀಟಿಯನ್ನು ಜೋಪಾನವಾಗಿ ಬ್ಯಾಗಿಗೆ ಹಾಕಿಕೊಳ್ಳಲು ಹೋದವಳು ಸುಮ್ಮನೆ ತಿರುಗಿಸಿ ನೋಡಿದಳು. ಹಿಂದೆ ಅರ್ಧಕ್ಕೆ ತುಂಡಾದ ಅಚ್ಚಿನ ಸಾಲುಗಳಿದ್ದವು: ‘...ಈ ವಿಷಯ ನನ್ನ ತಲೆಗೆ ಹತ್ತುತ್ತಿಲ್ಲವಾದ್ದರಿಂದ ಕೋರ್ಸ್ ಬಿಡಲು...’ ಅದು ಅವಳ ಪತ್ರವಲ್ಲ. ಚೀಟಿಗಳಿಂದ ತುಂಬಿದ್ದ ಡಬ್ಬಿಯನ್ನೂ ಮೇಡಂ ಅವರನ್ನೂ ಅವಳು ನೋಡಿದಳು.

“ಮೇಡಂ, ಅದರಲ್ಲಿರೋವೆಲ್ಲಾ...?”

“ಈ ಲೈಬ್ರರಿಗೆ ಚೀಟಿ ಕಾಗದ ತರಿಸಿ ನಾಲ್ಕು ವರ್ಷ ಆಯ್ತಮ್ಮಾ,” ಎಂದರು ಮೇಡಂ.