ಕಣ್ಣು ಬರೆಯದ ದೇವಿಯರು

"ನನ್ನ ಮಗಳು ಇವುಗಳಲ್ಲೇ ಒಂದರೊಳಗೆ ಇದಾಳೆ, ಸಾಹೇಬ್ರೆ. ಒಡೀರಿ," ಎಂದಳು ಮುದುಕಿ.

ಈ ಮುಖವನ್ನು ಹಿಂದೆ ಎಲ್ಲೋ ಕಂಡಂತಿತ್ತು ಇನ್‌ಸ್ಪೆಕ್ಟರಿಗೆ. ನೆನಪಾಗಲಿಲ್ಲ. ತಲೆಯೆತ್ತಿದ. ಶೆಡ್ಡಿನ ಉದ್ದಕ್ಕೂ ಆಳೆತ್ತರದ ಒಂಬತ್ತು ಮಣ್ಣಿನ ಮೂರ್ತಿಗಳು. ಬೆಳಗಾದರೆ ನವರಾತ್ರಿ. ಸಿಂಹವನ್ನೇರಿದವಳು, ತೊಡೆಯ ಮೇಲೆ ಮಗುವನ್ನಿಟ್ಟುಕೊಂಡವಳು, ಕೂದಲು ಕೆದರಿ ನಿಂತ ಕಾಳರಾತ್ರಿ. ಒಬ್ಬಳಿಗೂ ಕಣ್ಣಿಲ್ಲ.

"ಕಣ್ಣು ಬರೆಯೋದು ನಮ್ಮತ್ತೆ ಕೆಲಸ," ಎಂದು ಗೊಣಗಿದ ಅಳಿಯ. ಮೂರ್ತಿ ಮಾಡಿದವನು ಅವನೇ. "ಕೈ ನಡುಗುತ್ತೆ, ನಾಳೆ ನಾಳೆ ಅಂತ ತಳ್ಕೊಂಡೇ ಬಂದ್ರು."

"ಕಣ್ಣು ಬರೆದ್ರೆ ದೇವಿ. ಆಮೇಲೆ ಯಾರೂ ಕೈ ಮಾಡೋ ಹಾಗಿಲ್ಲ. ಈಗಿನ್ನೂ ಬರೀ ಮಣ್ಣು." ಮುದುಕಿ ಸೆರಗಿನ ಗಂಟು ಬಿಚ್ಚಿದಳು. ಒಳಗೆ ರಕ್ತ ಮೆತ್ತಿದ ಬಳೆಯ ಚೂರು. "ಬೆಳಿಗ್ಗೆಯಿಂದ ಮಗಳು ಕಾಣ್ತಿಲ್ಲ. ಇವನು ಎದ್ದಾಗಿನಿಂದ ಬಿರುಕಿಗೆ ಮಣ್ಣು ಮೆತ್ತುತ್ತಾ ಕೂತಿದ್ದ."

"ಓಡಿಹೋಗಿರ್ತಾಳೆ ಸಾರ್! ನನ್ನ ಬಿಡಿ, ಹೋದ ಸಲದ ಹಾಗೆ ಜುಟ್ಟು ಹಿಡಿದು ಎಳ್ಕೊಂಡು ಬರ್ತೀನಿ!"

ಅಳಿಯ ಬಾಗಿಲಿಗೆ ನುಗ್ಗಿದ. ಪೇದೆಗಳು ಕಂಬಕ್ಕೆ ಒತ್ತಿ ಹಿಡಿದರು. ತಪ್ಪಿಲ್ಲದವನಿಗೆ ಇಷ್ಟು ಅವಸರವೇ? ಇನ್‌ಸ್ಪೆಕ್ಟರಿಗೆ ಉಳಿದಿದ್ದ ಅನುಮಾನವೂ ಹೋಯಿತು.

ಸುತ್ತಿಗೆ ಬಿತ್ತು. ಮೊದಲನೆಯವಳ ಹೊಟ್ಟೆಯಲ್ಲಿ ಹುಲ್ಲು. ಎರಡನೆಯವಳಲ್ಲೂ ಹುಲ್ಲು, ಬಿದಿರ ಸೀಳು. ಒಂದೊಂದು ತಲೆ ಉರುಳಿದಾಗಲೂ ಅಳಿಯ ಕಿರುಚಿದ.

"ಮೆಲ್ಲಗಪ್ಪಾ, ಮೆಲ್ಲಗೆ. ಮಗಳಿಗೆ ಪೆಟ್ಟು ತಾಗೀತು," ಎಂದಳು ಮುದುಕಿ. ಪೇದೆಯೊಬ್ಬ ಕಣ್ಣೊರೆಸಿಕೊಂಡ. ಅಲ್ಲಿಂದಾಚೆ ಪೇದೆಗಳು ಕೈಯಿಂದಲೇ ಮಣ್ಣು ಬಿಡಿಸತೊಡಗಿದರು. ನಡುವೆ ಮುದುಕಿ ಎಲ್ಲರಿಗೂ ಲೋಟದ ತುಂಬ ನೀರು ತಂದುಕೊಟ್ಟಳು. ಹನಿಯೂ ತುಳುಕಲಿಲ್ಲ.

ಒಂಬತ್ತನೆಯವಳಲ್ಲೂ ಹುಲ್ಲೇ. ದೂರದಲ್ಲಿ ರೈಲು ಕೂಗಿತು.

"ತಲೆ ಕೆಟ್ಟಿದೆಯೇನಜ್ಜಿ?" ಇನ್‌ಸ್ಪೆಕ್ಟರ್ ಸಿಡುಕಿದ. "ಕೊಂದುಬಿಟ್ಟ ಅಂತ ಯಾಕೆ ಹೇಳಿದ್ರಿ?"

"ಹೊಡೀತಾನೆ ಅಂತ ಮಗಳನ್ನ ಕರ್ಕೊಂಡು ನಿಮ್ಮ ಹತ್ರ ಬಂದಿದ್ದೆ. ಗಂಡ ಹೆಂಡಿರ ಜಗಳ, ಮನೇಲೇ ನೋಡ್ಕೊಳ್ಳಿ ಅಂದ್ರಿ."

ಆ ಮುಖ ಈಗ ನೆನಪಾಯಿತು. ಮುದುಕಿ ಮಣ್ಣಿನ ಹೆಂಟೆಗಳ ನಡುವೆ ಕುಳಿತು, ಅಳಿಯನಿಗೂ ಕೇಳಿಸುವಂತೆ ಹೇಳಿದಳು:

"ಇನ್ನು ಅವನನ್ನ ಬಿಡಿ, ಸಾಹೇಬ್ರೆ. ಮಗಳ ರೈಲು ಹೊರಡ್ತು. ಅವನ ಕೈಗೆ ಸಿಗೋದು ಇನ್ನು ನಾನೊಬ್ಬಳೇ."