ಒಡ್ಡಿನೊಳಗಿನ ಮನೆ

"ಹುಳದ ಮಾತು ಕೇಳಿ ಮನೆ ಬಿಡ್ಬೇಕಾ? ತಲೆ ಕೆಟ್ಟಿದೆಯಾ ಅಕ್ಕ ನಿಂಗೆ?" ತಮ್ಮ ಮೇಜು ಗುದ್ದಿದ. ಸಮುದ್ರಕ್ಕೆ ಒಡ್ಡು ಕಟ್ಟಿ, ನೀರು ಹೊರಹಾಕಿ ಪಡೆದ ನೆಲದಲ್ಲಿ ಎದ್ದ ಮೊದಲ ಮನೆ ಅವನದು. ಒಡ್ಡು ಕಟ್ಟಿಸಿದ ಮೇಸ್ತ್ರಿಯೂ ಅವನೇ.

ಅಕ್ಕ ಜಗ್ಗಲಿಲ್ಲ. ಒಂಬತ್ತು ವರ್ಷದಿಂದ ಆ ನೆಲದಲ್ಲಿ ಲೋಟಗಳನ್ನು ಬಾಯಿಮಟ್ಟಕ್ಕೆ ಹೂತು, ಅವುಗಳೊಳಗೆ ಬಿದ್ದ ಜೀರುಂಡೆಗಳನ್ನು ಎಣಿಸುವುದೇ ಅವಳ ಕೆಲಸ. ಈಗ ಅವನ ಅಡುಗೆಮನೆಯ ಹಿಂದೆ ಹೂತಿದ್ದ ಲೋಟವನ್ನೇ ಕಿತ್ತು ತಂದು ಅವನ ಮುಂದೆ ಸುರಿದಿದ್ದಳು. ಹದಿನಾಲ್ಕು ಕರಿ ಹುಳ.

"ಕಣ್ಣು ಬಿಟ್ಟು ನೋಡೋ, ಮೊಂಡ. ನೀರು ಇಳಿದ ವರ್ಷ ಮೊದಲು ಹಾರಿ ಬಂದದ್ದು ಇವೇ. ಉಪ್ಪು ಮಣ್ಣು ಬಿಟ್ಟು ಬೇರೆ ಕಡೆ ಇವು ಬದುಕಲ್ಲ. ಮಳೆ ಉಪ್ಪು ತೊಳೀತು, ಇವು ಹೋದ್ವು, ಹುಲ್ಲಿನ ಹುಳ ಬಂದ್ವು. ಈಗ ಇವು ತಿರುಗಿ ಬಂದಿವೆ. ನಿನ್ನ ಒಡ್ಡಿನ ಅಡಿಯಿಂದ ಸಮುದ್ರ ಒಳಗೆ ಬರ್ತಿದೆ."

"ನನ್ನ ಒಡ್ಡು ಒಂದು ಹನೀನೂ ಬಿಡಲ್ಲ! ಹುಳ ಎಣಿಸಿ ಎಣಿಸಿ ನಿನ್ನ ತಲೆಗೇ ಹುಳ ಹೊಕ್ಕಿದೆ."

ಅಷ್ಟು ಹೊತ್ತೂ ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಮುಂದೆ ಬಂದಳು. ಲೋಟದ ಹೊರಮೈಗೆ ಅಂಟಿದ್ದ ಕೆಸರನ್ನು ಬೆರಳ ತುದಿಯಲ್ಲಿ ತೆಗೆದು ನಾಲಿಗೆಗಿಟ್ಟಳು. ಉಪ್ಪು ಅಂತ ಉಗಿದಳು.

"ವಾರದಿಂದ ಅಡುಗೆ ಉಪ್ಪುಪ್ಪು ಅಂತ ತಟ್ಟೆ ಎಸೀತಿದ್ರಲ್ಲ," ಅಂದಳು ಗಂಡನಿಗೆ. "ನಾಲ್ಕು ದಿನದಿಂದ ನಾನು ಉಪ್ಪೇ ಹಾಕಿಲ್ಲ ರೀ. ಬರೀ ನಮ್ಮ ಬಾವಿ ನೀರು."

ಒಳಗೆ ಮಲಗಿದ್ದ ಮಗುವನ್ನು ಎತ್ತಿಕೊಂಡು ಹೆಂಡತಿ ಬರಿಗಾಲಲ್ಲೇ ಹೊರಟಳು. ಆ ಹೊಸ್ತಿಲನ್ನು ಮತ್ತೆ ತುಳಿಯಲಿಲ್ಲ.